ಅವಧಾನಕ್ಕೆ ಅಡ್ಡ

ಕಾರ್ಯಕ್ರಮದ ನಡುವೆ ಜಾಹೀರಾತು ಬರುವ ಹೊತ್ತನ್ನು ಕನ್ನಡ ವಾಹಿನಿಗಳ ನಿರೂಪಕರು ‘ವಿರಾಮ’ ಎಂದು ಕರೆಯುತ್ತಾರೆ. ವಿರಾಮ ಎಂದರೆ ನಿಲ್ಲುವುದು, ದಣಿವಾರಿಸಿಕೊಳ್ಳುವುದು. ಓದುವವರು ವಾಕ್ಯ ಮುಗಿಸಿ ಉಸಿರು ತೆಗೆದುಕೊಳ್ಳುವ ಜಾಗ ವಿರಾಮ. ಪುರಾಣ ಹೇಳುವವರು ಒಂದು ಸಂಧಿ ಮುಗಿಸಿ ತಂಬಿಗೆಗೆ ಕೈ ಹಾಕುವ ಹೊತ್ತೂ ವಿರಾಮವೇ. ಅಂಥ ವಿರಾಮ ಹೇಳುತ್ತಿರುವ ವಿಷಯದ ಒಳಗಿನಿಂದಲೇ ಹುಟ್ಟುತ್ತದೆ, ಕೇಳುವವರಿಗೂ ಅದು ಬೇಕಾಗಿರುತ್ತದೆ. ಜಾಹೀರಾತಿನ ಹೊತ್ತು ಹಾಗೆ ಹುಟ್ಟಿದ್ದಲ್ಲ. ಆಗ ನಿಲ್ಲುವುದು ಕಾರ್ಯಕ್ರಮ ಮಾತ್ರ. ನೋಡುವವರ ಕಣ್ಣು ಕಿವಿಗಳಿಗೆ ಇನ್ನಷ್ಟು ಕೆಲಸ ಬೀಳುತ್ತದೆ. ಇದಕ್ಕೆ ಕನ್ನಡದಲ್ಲಿ ಮೊದಲಿನಿಂದ ಇರುವ ಸರಿಯಾದ ಮಾತು ‘ಭಂಗ’. ರಸಭಂಗ, ವ್ರತಭಂಗ, ತಪೋಭಂಗ, ನಿದ್ರಾಭಂಗ ಎನ್ನುವಾಗ ಇರುವ ಭಂಗವೇ ಇಲ್ಲಿಯದೂ.

ಭಂಗ ಎಂದ ಕೂಡಲೇ ಧರ್ಮದ ಪ್ರಶ್ನೆ ಏಳುತ್ತದೆ. ಮುರಿದದ್ದು ಏನು? ಅದು ಯಾರದು? ಮುರಿಯಲು ಅನುಮತಿ ಕೊಟ್ಟವರು ಯಾರು? ಮನುಷ್ಯನ ಗಮನ ಅವನ ಸ್ವಂತದ್ದಾದರೆ ಅದನ್ನು ಇನ್ನೊಬ್ಬರು ಮೂರನೆಯವರಿಗೆ ಮಾರಬಹುದೇ? ಈ ಪ್ರಶ್ನೆಗಳನ್ನು ವಿಚಾರಿಸಲು ಕಲಬುರಗಿ ಜಿಲ್ಲೆಯ ಕಾಗಿಣಾ ಮತ್ತು ಭೀಮಾ ನದಿಗಳ ಬಯಲಿನಷ್ಟು ಒದಗುವ ಜಾಗ ಕರ್ನಾಟಕದಲ್ಲಿ ಕಡಿಮೆ. ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಜೈನ ವಿದ್ಯೆಯ ನೆಲೆ. ಚಿತ್ತಾಪುರ ತಾಲೂಕಿನ ಸನ್ನತಿ ಮತ್ತು ಕನಗನಹಳ್ಳಿ ಬೌದ್ಧ ನೆಲೆಗಳು. ವಾಡಿ, ಶಹಾಬಾದ್, ಚಿಂಚೋಳಿಗಳ ಊರೂರಿನಲ್ಲಿ ಶರಣರ ಮಠಗಳೂ ಸೂಫಿಗಳ ದರ್ಗಾಗಳೂ ಇವೆ. ಗಮನವನ್ನು ಹೇಗೆ ಕಾಯಬೇಕು ಎಂಬುದರ ಬಗ್ಗೆ ಈ ನಾಲ್ಕೂ ಪರಂಪರೆಗಳು ಆಳವಾಗಿ ಯೋಚಿಸಿವೆ.

ಮೊದಲು ಕಾಲದ ಲೆಕ್ಕ. ಭಾರತದ ಕೇಬಲ್ ಟೆಲಿವಿಷನ್ ಜಾಲ ನಿಯಮಗಳು 1994ರವು. ಅವುಗಳ ಪ್ರಕಾರ ಒಂದು ಗಂಟೆಯಲ್ಲಿ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಇರಬಾರದು: 10 ನಿಮಿಷ ವ್ಯಾಪಾರಿ ಜಾಹೀರಾತು, 2 ನಿಮಿಷ ವಾಹಿನಿಯ ಸ್ವಂತ ಪ್ರಚಾರ. ಗಂಟೆಯಲ್ಲಿ 12 ನಿಮಿಷ ಕಳೆದರೆ ಉಳಿಯುವುದು 48. ನಲವತ್ತೆಂಟು ನಿಮಿಷ ಎಂದರೆ ಎರಡು ಘಳಿಗೆ, ಸರಿಯಾಗಿ ಒಂದು ಮುಹೂರ್ತ. ಜೈನ ಶ್ರಾವಕರು ಆಚರಿಸುವ ಸಾಮಾಯಿಕ ವ್ರತದ ಅಳತೆಯೂ ಇದೇ. ಎರಡು ಘಳಿಗೆ ಕಾಲ ಒಂದೆಡೆ ಕೂತು, ಕೊಡುಕೊಳ್ಳುವ ವ್ಯವಹಾರ ಬಿಟ್ಟು, ಮನಸ್ಸನ್ನು ಸಮಭಾವದಲ್ಲಿ ಇರಿಸುವುದು ಸಾಮಾಯಿಕ. ಅದರ ಅತಿಚಾರಗಳನ್ನು, ಅಂದರೆ ವ್ರತ ಕೆಡುವ ಬಗೆಗಳನ್ನು, ತತ್ತ್ವಾರ್ಥಸೂತ್ರ ಎಣಿಸುತ್ತದೆ: ಮನಸ್ಸು, ಮಾತು, ಮೈ ದಾರಿ ತಪ್ಪುವುದು, ವ್ರತದಲ್ಲಿ ಆದರ ಕಳೆಯುವುದು, ಮಾಡುತ್ತಿರುವುದರ ನೆನಪು ಜಾರುವುದು. ಕೊನೆಯದು ಇಲ್ಲಿ ಮುಖ್ಯ. ಧಾರಾವಾಹಿಯ ನಡುವೆ ಬ್ರೇಕ್ ಮುಗಿದು ಕಥೆ ಮತ್ತೆ ಶುರುವಾದಾಗ ಮನೆಯಲ್ಲಿ ಯಾರಾದರೂ “ಎಲ್ಲಿಗೆ ಬಂದಿತ್ತು?” ಎಂದು ಕೇಳುತ್ತಾರಲ್ಲ, ಆ ಪ್ರಶ್ನೆಯಲ್ಲಿರುವುದು ನೆನಪು ಜಾರಿದ ಈ ಸ್ಥಿತಿಯೇ.

ಹೀಗಾಗಿ ಕಾನೂನು ನೋಡುಗರಿಗೆ ಉಳಿಸಿಕೊಟ್ಟದ್ದು ಒಂದು ಸಾಮಾಯಿಕದಷ್ಟು ಹೊತ್ತು. ಆದರೆ ಅದು ಒಟ್ಟಿಗೆ ಸಿಗುವುದಿಲ್ಲ, ತುಂಡು ತುಂಡಾಗಿ ಸಿಗುತ್ತದೆ. ಮಳಖೇಡದ ನೇಮಿನಾಥ ಬಸದಿಯಲ್ಲಿ ಕೂತು ಸಾಮಾಯಿಕ ಮಾಡುವ ಶ್ರಾವಕ ಎಂಟು ನಿಮಿಷಕ್ಕೊಮ್ಮೆ ಎದ್ದು ಅಂಗಡಿಗೆ ಹೋಗಿ ಬಂದು, ಆರು ಸಲ ಕೂತಿದ್ದರಿಂದ 48 ನಿಮಿಷ ತುಂಬಿತು ಎನ್ನಲಾರ. ಅಖಂಡ ಮತ್ತು ಖಂಡಗಳ ಮೊತ್ತ, ಇವೆರಡೂ ಗಣಿತದಲ್ಲಿ ಒಂದೇ ಇರಬಹುದು. ಸಾಧನೆಯಲ್ಲಿ ಒಂದೇ ಅಲ್ಲ. ಈ ಭಾಗದಲ್ಲಿ ವಿಠ್ಠಲನ ಸಂಪ್ರದಾಯದವರು ನಡೆಸುವ ಸಪ್ತಾಹದಲ್ಲಿ ವೀಣೆ ಏಳು ದಿನ ಕೆಳಗೆ ಇಳಿಯುವುದಿಲ್ಲ. ಹಿಡಿದವರು ದಣಿದರೆ ಇನ್ನೊಬ್ಬರ ಹೆಗಲಿಗೆ ಏರುತ್ತದೆ. ಕೈ ಬದಲಾಗುತ್ತದೆ, ಧಾರೆ ಮುರಿಯುವುದಿಲ್ಲ. ನಂದಾದೀಪಕ್ಕೆಂದು ಎಣ್ಣೆಯ ದತ್ತಿ ಬಿಟ್ಟ ಶಾಸನಗಳ ಹಿಂದೆಯೂ ಇದ್ದದ್ದು ಈ ಅಖಂಡದ ಕಲ್ಪನೆಯೇ.

ಕಲಬುರಗಿ ಜಿಲ್ಲೆಗೆ ಟಿ.ವಿ. ಬಂದ ಬಗೆ ಇಲ್ಲಿ ನೆನೆಯಬೇಕಾದ್ದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಉಪಗ್ರಹ ಬೋಧನಾ ಟೆಲಿವಿಷನ್ ಪ್ರಯೋಗ, ಅಂದರೆ ‘ಸೈಟ್’, ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿ.ವಿ. ತೋರಿಸಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಗುಲ್ಬರ್ಗ (ಇಂದಿನ ಕಲಬುರಗಿ), ರಾಯಚೂರು, ವಿಜಾಪುರ ಜಿಲ್ಲೆಗಳನ್ನು. ಸಾರ್ವಜನಿಕ ಜಾಗದಲ್ಲಿ ಒಂದು ಪೆಟ್ಟಿಗೆ, ಮೇಲೆ ಜಾಳಿಗೆಯ ದೊಡ್ಡ ಆಂಟೆನಾ, ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ಬೇಸಾಯ, ಆರೋಗ್ಯ, ಹಾಡು, ನಾಟಕ. ಊರಿನವರೆಲ್ಲ ನೆಲದ ಮೇಲೆ ಒಟ್ಟಿಗೆ ಕೂತು ನೋಡಿದರು. ಅದರಲ್ಲಿ ವ್ಯಾಪಾರಿ ಜಾಹೀರಾತು ಇರಲಿಲ್ಲ. ಆ ಪ್ರಯೋಗ ನಡೆದಿರುವಾಗಲೇ, 1976ರ ಜನವರಿ 1ರಿಂದ, ದೂರದರ್ಶನದ ನಗರ ಕೇಂದ್ರಗಳಲ್ಲಿ ಜಾಹೀರಾತು ಪ್ರಸಾರ ಶುರುವಾಯಿತು. ಆಕಾಶವಾಣಿಯ ವಿವಿಧ ಭಾರತಿ 1967ರಲ್ಲೇ ಆ ದಾರಿ ತುಳಿದಿತ್ತು. ಹೀಗೆ ಒಂದೇ ವರ್ಷ ಗುಲ್ಬರ್ಗದ ಹಳ್ಳಿಯವರು ಇಡೀ ಕಾರ್ಯಕ್ರಮ ನೋಡುತ್ತಿದ್ದರೆ, ಶಹರಿನವರು ಸಾಬೂನಿನ ಮಾತು ಕೇಳುತ್ತ ಕಾಯುವುದನ್ನು ಕಲಿಯುತ್ತಿದ್ದರು. ಟಿ.ವಿ. ಎಂದರೆ ಅಡ್ಡಿಯೊಂದಿಗೇ ಹುಟ್ಟಿದ ಮಾಧ್ಯಮ ಎಂದು ಈ ಜಿಲ್ಲೆಯ ಮಟ್ಟಿಗಂತೂ ಹೇಳುವಂತಿಲ್ಲ. 1977ರಲ್ಲಿ ಗುಲ್ಬರ್ಗದಲ್ಲೇ ದೂರದರ್ಶನ ಕೇಂದ್ರ ಆರಂಭವಾಯಿತು.

1987ರ ಜನವರಿ 25ರಂದು ರಾಮಾನಂದ ಸಾಗರರ ‘ರಾಮಾಯಣ’ ಶುರುವಾದಾಗ ದೇಶದ ಎಷ್ಟೋ ಮನೆಗಳಲ್ಲಿ ಸ್ನಾನ ಮಾಡಿ, ಪೆಟ್ಟಿಗೆಗೆ ಹೂ ಏರಿಸಿ, ಊದಿನಕಡ್ಡಿ ಹಚ್ಚಿ ಕೂರುತ್ತಿದ್ದರು. ಪ್ರಾಯೋಜಿತ ಕಾರ್ಯಕ್ರಮದ ಜಾಹೀರಾತುಗಳು ಆಗ ಹೆಚ್ಚಾಗಿ ಕಾರ್ಯಕ್ರಮದ ಮುಂದೆ ಮತ್ತು ಹಿಂದೆ ಗುಂಪಾಗಿ ಬರುತ್ತಿದ್ದವು. ಜಾಹೀರಾತು ಶುರುವಾಯಿತೆಂದರೆ ಮಕ್ಕಳನ್ನು ಕೂಗಿ ಕರೆಯುವ ಹೊತ್ತು ಬಂತೆಂದು ಲೆಕ್ಕ. ಅದು ದೇವಸ್ಥಾನದ ಹೊರಗಿನ ಅಂಗಡಿ ಸಾಲಿನ ಹಾಗೆ ಇತ್ತು: ಹೋಗುವಾಗ ಬರುವಾಗ ಕಾಣುತ್ತದೆ, ಗರ್ಭಗುಡಿಗೆ ಬರುವುದಿಲ್ಲ. ಖಾಸಗಿ ವಾಹಿನಿಗಳು ಬಂದ ಮೇಲೆ ಅಂಗಡಿ ಒಳಗೆ ಸರಿಯಿತು. 2009ರಲ್ಲಿ ಐಪಿಎಲ್ ಪ್ರತಿ ಇನಿಂಗ್ಸಿನ ನಡುವೆ ಏಳೂವರೆ ನಿಮಿಷದ ‘ತಂತ್ರಗಾರಿಕೆಯ ವಿರಾಮ’ ತಂದಿತು, ಮುಂದೆ ಅದನ್ನು ಎರಡೂವರೆ ನಿಮಿಷದ ತುಂಡುಗಳಾಗಿ ಹಂಚಲಾಯಿತು. ಅಲ್ಲಿಗೆ ಆಟವೇ ಜಾಹೀರಾತಿಗೆ ಜಾಗ ಬಿಟ್ಟುಕೊಳ್ಳುವಂತೆ ಆಕಾರ ಬದಲಿಸಿತು.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ನೋಡುವ ಕೆಲಸ ಕೋಣೆಯ ಪೆಟ್ಟಿಗೆಯಿಂದ ಅಂಗೈಗೆ ಬಂತು. ಈಗಿನ ಒಂದು ಬೆಳಗು ಹೀಗಿರುತ್ತದೆ. ಸೇಡಂ ಬಜಾರದ ಹಿಂದಿನ ಓಣಿ, ಶಹಾಬಾದ್ ಫರಸಿ ಹಾಸಿದ ಪಡಸಾಲೆ. ಜಗಲಿಯ ಮೇಲೆ ಮೊಬೈಲನ್ನು ಗೋಡೆಗೆ ಆನಿಸಿ ಇಟ್ಟಿದ್ದಾರೆ, ವಚನಗಾಯನ ನಡೆದಿದೆ. ಅಜ್ಜಿ ಎಡ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ವಿಭೂತಿ ಧರಿಸಿ ಕೂತಿದ್ದಾರೆ. ಹಾಡಿನ ಎರಡನೆಯ ನುಡಿ ಏರುವ ಹೊತ್ತಿಗೆ ಸ್ವರ ಕತ್ತರಿಸಿ, ಸಾಬೂನು ಕೊಳ್ಳಿರಿ ಎಂಬ ಕೂಗು ಮೊದಲಿಗಿಂತ ಜೋರಾಗಿ ಬರುತ್ತದೆ. ಅಜ್ಜಿಯ ಬಲಗೈಗೆ ಪತ್ರಿಯ ನೀರು ಹತ್ತಿದೆ, ಎಡಗೈಯಲ್ಲಿ ಲಿಂಗವಿದೆ. ‘ಸ್ಕಿಪ್’ ಒತ್ತಲು ಬೇರೆ ಕೈ ಇಲ್ಲ. ಮೊಮ್ಮಗಳನ್ನು ಕೂಗುತ್ತಾರೆ, ಅವಳು ಓಡಿ ಬಂದು ಒತ್ತುತ್ತಾಳೆ, ಹಾಡು ಮುರಿದ ಕಡೆಯಿಂದ ಮುಂದುವರಿಯುತ್ತದೆ. ನಷ್ಟವಾದದ್ದು ಹದಿನೈದು ಸೆಕೆಂಡು ಇರಬಹುದು. ಪೂಜೆಗೆ ಕೂತವರ ಮನಸ್ಸು ಮತ್ತೆ ಅಂಗೈಗೆ ಬರಲು ಎಷ್ಟು ಹೊತ್ತು ಬೇಕು ಎಂಬುದನ್ನು ಪೂಜೆ ಮಾಡುವವರೇ ಬಲ್ಲರು.

ಶರಣರ ಷಟ್‌ಸ್ಥಲ ಸಿದ್ಧಾಂತ ಈ ಬೆಳಗನ್ನು ಅರ್ಥ ಮಾಡಿಕೊಳ್ಳಲು ಬೇಕಾದ ಮಾತನ್ನೇ ಕೊಡುತ್ತದೆ. ಭಕ್ತನಿಗೆ ಶ್ರದ್ಧಾಭಕ್ತಿ, ಮಹೇಶನಿಗೆ ನಿಷ್ಠಾಭಕ್ತಿ, ಮೂರನೆಯ ಮೆಟ್ಟಿಲಾದ ಪ್ರಸಾದಿಗೆ ಅವಧಾನಭಕ್ತಿ. ಅವಧಾನ ಎಂದರೆ ಎಚ್ಚರದಿಂದ ಒಂದೆಡೆ ಇರುವ ಗಮನ. ಅದನ್ನು ಶಾಸ್ತ್ರ ಪ್ರಸಾದಿಗೆ ಹೊಂದಿಸಿದ್ದಕ್ಕೆ ಕಾರಣವಿದೆ. ಪ್ರಸಾದಿ ಎಂದರೆ ಲಿಂಗಕ್ಕೆ ಅರ್ಪಿಸದೆ ಏನನ್ನೂ ಒಳಗೆ ತೆಗೆದುಕೊಳ್ಳದವನು. ಇಲ್ಲಿ ಪ್ರಸಾದವೆಂದರೆ ಬಾಯಿಗೆ ಹೋಗುವ ಅನ್ನ ಮಾತ್ರ ಆಗಿರಲಿಲ್ಲ. ಇಂದ್ರಿಯ ಒಂದೊಂದಕ್ಕೂ ಒಂದೊಂದು ಲಿಂಗವನ್ನು ಹೇಳಿದ್ದಾರೆ: ಮೂಗಿನ ಗಂಧ ಆಚಾರಲಿಂಗಕ್ಕೆ, ನಾಲಿಗೆಯ ರುಚಿ ಗುರುಲಿಂಗಕ್ಕೆ, ಕಣ್ಣಿನ ರೂಪ ಶಿವಲಿಂಗಕ್ಕೆ, ಚರ್ಮದ ಸ್ಪರ್ಶ ಜಂಗಮಲಿಂಗಕ್ಕೆ, ಕಿವಿಯ ಶಬ್ದ ಪ್ರಸಾದಲಿಂಗಕ್ಕೆ. ಪ್ರಸಾದಿಸ್ಥಲದ ಲಿಂಗ ಶಿವಲಿಂಗ, ಅದರ ಇಂದ್ರಿಯ ಕಣ್ಣು. ಅವಧಾನಭಕ್ತಿ ಮತ್ತು ಕಣ್ಣು ಒಂದೇ ಮೆಟ್ಟಿಲಿನಲ್ಲಿ ಕೂತಿವೆ. ನೋಡುವುದೂ ಉಣ್ಣುವುದೇ, ಆದ್ದರಿಂದ ಏನು ನೋಡುತ್ತೇನೆ ಎಂಬ ಎಚ್ಚರ ಬೇಕು ಎಂಬುದು ಇದರ ತಾತ್ಪರ್ಯ.

ಈ ಲೆಕ್ಕದಲ್ಲಿ ಗಮನ ನೋಡುವವರದೇ ಸ್ವತ್ತು ಎಂದರೂ ಮಾತು ಪೂರ್ತಿಯಾಗುವುದಿಲ್ಲ. ಅದು ಅರ್ಪಿತವಾಗಬೇಕಾದ ವಸ್ತು. ಅರ್ಪಣೆಗೆ ಎತ್ತಿದ್ದನ್ನು ನಡುವೆ ಕಸಿದು ಬೇರೆ ಕಡೆ ತಿರುಗಿಸುವುದು ಕೇವಲ ಕಿರಿಕಿರಿ ಎನ್ನಿಸಿಕೊಳ್ಳುವುದಿಲ್ಲ. ನೈವೇದ್ಯದ ತಾಟಿನಿಂದ ತುತ್ತು ಎತ್ತಿದ ಹಾಗೆ. ಜಾಹೀರಾತಿನವರಿಗೆ ಈ ಉದ್ದೇಶ ಇಲ್ಲದಿರಬಹುದು. ಯಂತ್ರಕ್ಕೆ ವಚನವೂ ಒಂದೇ, ಹಾಸ್ಯದ ತುಣುಕೂ ಒಂದೇ. ಯಾರ ಕಣ್ಣು ಎಲ್ಲಿದೆ ಎಂಬುದಷ್ಟೇ ಅದಕ್ಕೆ ಬೇಕು. ಆದರೆ ಉದ್ದೇಶ ಇರಲಿಲ್ಲ ಎಂದ ಮಾತ್ರಕ್ಕೆ ಭಂಗ ಆಗಲಿಲ್ಲ ಎನ್ನಲಾಗದು.

ಬೌದ್ಧ ವಿಚಾರ ಇನ್ನೊಂದು ಬದಿಯಿಂದ ಇಲ್ಲಿಗೇ ಬರುತ್ತದೆ. ಪ್ರತೀತ್ಯಸಮುತ್ಪಾದದ, ಅಂದರೆ ಒಂದನ್ನು ಆಧರಿಸಿ ಇನ್ನೊಂದು ಹುಟ್ಟುವ, ಸರಪಣಿಯಲ್ಲಿ ಇಂದ್ರಿಯಕ್ಕೆ ವಿಷಯ ತಾಗಿದರೆ ಸ್ಪರ್ಶ, ಸ್ಪರ್ಶದಿಂದ ವೇದನೆ, ವೇದನೆಯಿಂದ ತೃಷ್ಣೆ. ಹಿತ ಅನ್ನಿಸುವುದಕ್ಕೂ ಬೇಕು ಅನ್ನಿಸುವುದಕ್ಕೂ ನಡುವೆ ಒಂದು ಸಣ್ಣ ಸಂದು ಇದೆ, ಸ್ಮೃತಿಯ ಸಾಧನೆ ನಡೆಯುವುದು ಅಲ್ಲಿ. ಜಾಹೀರಾತಿನ ಕಸುಬೆಲ್ಲ ಆ ಸಂದನ್ನು ಮುಚ್ಚುವುದರಲ್ಲಿದೆ. ಐದು ಸೆಕೆಂಡಿನಲ್ಲಿ ಹಿಡಿಯಬೇಕು, ‘ಸ್ಕಿಪ್’ ಒತ್ತುವ ಮೊದಲು ‘ಬೇಕು’ ಹುಟ್ಟಿಸಬೇಕು. ಕಥೆ ಕುತೂಹಲದ ತುದಿಗೆ ಬಂದಾಗಲೇ ಬ್ರೇಕ್ ಬರುವುದಕ್ಕೂ ಕಾರಣ ಇದೇ. ಕಥೆಯಿಂದ ಎದ್ದ ಆಸೆ ಇನ್ನೂ ಬಿಸಿಯಾಗಿರುವಾಗ ಅದನ್ನು ಸರಕಿನ ಕಡೆಗೆ ತಿರುಗಿಸಿಕೊಳ್ಳುವುದು ಸುಲಭ. ಸನ್ನತಿಯ ಸ್ತೂಪಗಳಿಗೆ ಬಂದು ನೆಲೆಸಿದ್ದ ಭಿಕ್ಷುಗಳು ಎಚ್ಚರ ಕಲಿತದ್ದು ಇಂಥ ಜಾಗದ ಬಗ್ಗೆಯೇ.

ಸೂಫಿಗಳಲ್ಲಿ ಪ್ರಶ್ನೆ ನೇರವಾಗಿ ಕೇಳುವ ಕ್ರಿಯೆಯ ಬಗ್ಗೆಯೇ ಎದ್ದಿತು. ದೆಹಲಿಯಿಂದ ಬಂದು ಕಲಬುರಗಿಯಲ್ಲಿ ನೆಲೆಸಿ 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇನವಾಜ್ ಗೇಸುದರಾಜರು ಚಿಶ್ತಿ ಪಂಥದವರು. ಸಮಾ, ಅಂದರೆ ದೇವರ ನೆನಪಿಗಾಗಿ ಸಂಗೀತ ಕೇಳುವುದು, ಆ ಪಂಥದ ಮುಖ್ಯ ಸಾಧನೆ. ಸಂಗೀತ ಕೇಳಬಹುದೇ ಎಂಬ ಬಗ್ಗೆ ಧರ್ಮಪಂಡಿತರಲ್ಲಿ ವಾದವಿದ್ದುದರಿಂದ ಹೇಗೆ ಕೇಳಬೇಕು ಎಂಬುದನ್ನು ಸೂಫಿಗಳು ಬಿಗಿಯಾಗಿ ಕಟ್ಟಿದರು. ಸಮಾಕ್ಕೆ ಮೂರು ಬೇಕು ಎಂಬುದು ಅವರಲ್ಲಿ ಹಳೆಯ ನಿಯಮ: ತಕ್ಕ ಕಾಲ, ತಕ್ಕ ಸ್ಥಳ, ತಕ್ಕ ಒಡನಾಡಿಗಳು. ಊಟದ ಹೊತ್ತು, ನಮಾಜಿನ ಹೊತ್ತು, ಮನಸ್ಸು ಬೇರೆಲ್ಲೋ ಇರುವ ಹೊತ್ತು ಸಮಾಕ್ಕೆ ಸಲ್ಲದು. ಕೇಳಲು ಮನಸ್ಸಿಲ್ಲದವನು ಅಲ್ಲಿ ಕೂರಬಾರದು, ಅವನೊಬ್ಬನಿಂದ ಎಲ್ಲರ ಹಾಲ್, ಅಂದರೆ ಭಾವಸ್ಥಿತಿ, ಕೆಡುತ್ತದೆ. ಕೇಳುವ ಸಭೆಯಲ್ಲಿ ಯಾರು ಯಾರಿರಬೇಕು ಎಂಬುದನ್ನು ಕೇಳುವವರೇ ನಿರ್ಧರಿಸುತ್ತಾರೆ ಎಂಬುದು ಇದರ ಒಳಗಿರುವ ತತ್ತ್ವ. ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ರೈಲು ಕಾಯುತ್ತ ಇಯರ್‌ಫೋನ್ ಹಾಕಿಕೊಂಡು ಕವ್ವಾಲಿ ಕೇಳುವ ಪ್ರಯಾಣಿಕನಿಗೂ ಅದು ಸಮಾ ಆಗಬಹುದು. ಆ ಸಭೆಗೆ ಕರೆಯದೆ ಬಂದು ಮಾತು ತೆಗೆಯುವವನೇ ನಡುವಿನ ಜಾಹೀರಾತು.

ಕಾವ್ಯಮೀಮಾಂಸೆಯ ರಸದ ವಿಚಾರವನ್ನೂ ಚಿಕ್ಕದಾಗಿ ಹೇಳಬಹುದು. ಅಭಿನವಗುಪ್ತ ರಸವನ್ನು ವಿಘ್ನವಿಲ್ಲದ ಪ್ರತೀತಿ ಎಂದು ವಿವರಿಸಿ, ಏಳು ರಸವಿಘ್ನಗಳನ್ನು ಎಣಿಸಿದ. ನೋಡುವವನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗುವುದು ಅವುಗಳಲ್ಲಿ ಒಂದು. ನಾಟಕ ನೋಡುವಾಗ ಮನುಷ್ಯ ಸ್ವಲ್ಪ ಹೊತ್ತು ತನ್ನ ಸಾಲ, ತನ್ನ ಮನೆ, ತನ್ನ ಮೈಬಣ್ಣ ಮರೆತಿರುತ್ತಾನೆ. ಅದರಿಂದಲೇ ಇನ್ನೊಬ್ಬರ ಅಳಲು ಅವನದಾಗುತ್ತದೆ. ಜಾಹೀರಾತು ಬಂದು ನೆನಪಿಸುವುದು ಅದನ್ನೇ: ನಿನ್ನ ಸಾಲ, ನಿನ್ನ ಮನೆ, ನಿನ್ನ ಮೈಬಣ್ಣ.

ಇದಕ್ಕೆ ಎದುರಾಗಿ ಒಂದು ಗಟ್ಟಿ ಆಕ್ಷೇಪವಿದೆ. ಅಡ್ಡಮಾತು ಹೊಸದಲ್ಲ, ಊರಿನ ಪುರಾಣದಲ್ಲೂ ಆಟದಲ್ಲೂ ಅದು ಮೊದಲಿನಿಂದ ಇತ್ತಲ್ಲ ಎಂಬುದು. ಮಾತು ನಿಜ. ಶ್ರಾವಣ ಬಂತೆಂದರೆ ಚಿಂಚೋಳಿ, ಸೇಡಂ ಸೀಮೆಯ ಹಳ್ಳಿಗಳಲ್ಲಿ ಗುಡಿಯಲ್ಲೋ ಮಠದಲ್ಲೋ ಪುರಾಣ ಹಚ್ಚುತ್ತಾರೆ. ಕಲಬುರಗಿಯ ಶರಣಬಸವೇಶ್ವರರ ಪುರಾಣ ಈ ಭಾಗಕ್ಕೆ ಬಹಳ ಪ್ರಿಯ. ಶಾಸ್ತ್ರಿಗಳು ಹೇಳುತ್ತಿರುವಾಗ ನಡುವೆ ಒಬ್ಬರು ಎದ್ದು ಮೈಕ್ ಹಿಡಿದು, ಇಂಥವರು ದಾಸೋಹಕ್ಕೆ ಒಂದು ಚೀಲ ಜೋಳ ಕೊಟ್ಟಿದ್ದಾರೆ, ಇಂಥವರಿಂದ ನೂರಾ ಒಂದು ರೂಪಾಯಿ ಎಂದು ಓದುತ್ತಾರೆ. ಶಾಲು ಹೊದಿಸಿ ಸನ್ಮಾನ ಮಾಡುತ್ತಾರೆ. ಬಯಲಾಟದಲ್ಲಿ ರಾಜನ ಪಾತ್ರಧಾರಿ ಮಾತಿನ ನಡುವೆ ನಿಂತು ಆಯೇರಿ (ಉಡುಗೊರೆ) ಮಾಡಿದವರ ಹೆಸರು ಕೂಗುವವರೆಗೆ ಕಾಯುತ್ತಾನೆ. ಆಗಲೂ ಕಥೆ ನಿಲ್ಲುತ್ತದೆ, ಆಗಲೂ ಹೆಸರು ಮೆರೆಯುತ್ತದೆ. ತಮ್ಮ ಹೆಸರು ಓದಲಿಲ್ಲವೆಂದು ಮುನಿಸಿಕೊಳ್ಳುವವರೂ ಇದ್ದಾರೆ.

ಆದರೂ ಅವೆರಡಕ್ಕೂ ಇರುವ ಅಂತರ ದೊಡ್ಡದು. ಪುರಾಣದಲ್ಲಿ ಹೆಸರು ಓದಿಸಿಕೊಂಡವರು ಅದೇ ಸಭೆಯಲ್ಲಿ, ಅದೇ ಜಮಖಾನೆಯ ಮೇಲೆ ಕೂತಿರುತ್ತಾರೆ. ಅವರು ಕೊಟ್ಟ ಜೋಳದ ರೊಟ್ಟಿಯನ್ನು ಸಭೆಯೇ ಉಣ್ಣುತ್ತದೆ. ಕೊಟ್ಟದ್ದನ್ನು ಹೇಳುತ್ತಾರೆ ಹೊರತು ಕೊಳ್ಳಿರಿ ಎನ್ನುವುದಿಲ್ಲ. ಪುರಾಣ ಕೇಳುವವರ ಆಸೆಯನ್ನು ಕೆರಳಿಸುವುದು ಅದರ ಕೆಲಸವಲ್ಲ. ಇಷ್ಟೆಲ್ಲ ಇದ್ದರೂ ಹಿರಿಯ ಶಾಸ್ತ್ರಿಗಳು ಸಂಧಿ ಮುಗಿಯುವವರೆಗೆ ಯಾರಿಗೂ ಮೈಕ್ ಕೊಡುವುದಿಲ್ಲ. ಹೆಸರು ಓದುವುದೆಲ್ಲ ಮಂಗಳದ ಮೊದಲು ಆಗಲಿ ಎನ್ನುತ್ತಾರೆ. ಆ ಹಟ ಸರಿಯಾದದ್ದು. ಊರಿನ ಅಡ್ಡಮಾತು ಚಿಕ್ಕ ತಪ್ಪು, ಊರೇ ತಿದ್ದಿಕೊಳ್ಳಬಲ್ಲ ತಪ್ಪು.

ದಾನಿಯ ಹೆಸರು ಎಲ್ಲಿರಬೇಕು ಎಂಬುದಕ್ಕೆ ಈ ನೆಲದ ಕಲ್ಲುಗಳೇ ಉತ್ತರ ಕೊಟ್ಟಿವೆ. ಕನಗನಹಳ್ಳಿಯ ಮಹಾಸ್ತೂಪಕ್ಕೆ ಹೊದಿಸಿದ ಸುಣ್ಣಕಲ್ಲಿನ ಹಲಗೆಗಳನ್ನು ಭಕ್ತರು ದಾನ ಕೊಟ್ಟರು. ಅವರ ಹೆಸರುಗಳನ್ನು ಬ್ರಾಹ್ಮಿ ಲಿಪಿಯಲ್ಲಿ ಕೊರೆದಿದ್ದಾರೆ. ಕೊರೆದದ್ದು ಅಂಚಿನ ಪಟ್ಟಿಯಲ್ಲಿ, ಶಿಲ್ಪದ ಮೈಮೇಲೆ ಅಲ್ಲ. ‘ರಾಯೋ ಅಸೋಕೋ’ ಎಂಬ ಬರಹವಿರುವ ಅಶೋಕನ ಪ್ರಸಿದ್ಧ ಶಿಲ್ಪ ಸಿಕ್ಕಿದ್ದೂ ಇಲ್ಲೇ. ಬಂದವರು ಮೊದಲು ಶಿಲ್ಪ ನೋಡುತ್ತಾರೆ, ಬಗ್ಗಿ ನೋಡಿದವರಿಗೆ ದಾನಿ ಕಾಣುತ್ತಾನೆ. ಚಿತ್ತಾಪುರದ ಹತ್ತಿರದ ನಾಗಾವಿಯಲ್ಲಿ ಹನ್ನೊಂದನೆಯ ಶತಮಾನದಲ್ಲಿ ದೊಡ್ಡ ಘಟಿಕಾಸ್ಥಾನ, ಅಂದರೆ ವಿದ್ಯಾಕೇಂದ್ರ, ಇತ್ತು. 1058ರ ಶಾಸನದ ಪ್ರಕಾರ ಚಾಲುಕ್ಯರ ದಂಡನಾಯಕ ಮಧುಸೂದನ ಅಲ್ಲಿ ವೇದ ಓದುವ ಮತ್ತು ಶಾಸ್ತ್ರ ಓದುವ ವಿದ್ಯಾರ್ಥಿಗಳಿಗೆ, ಅವರ ಉಪಾಧ್ಯಾಯರಿಗೆ, ಪುಸ್ತಕ ನೋಡಿಕೊಳ್ಳುವ ಆರು ಮಂದಿ ಸರಸ್ವತೀ ಭಾಂಡಾರಿಕರಿಗೆ ವ್ಯವಸ್ಥೆ ಮಾಡಿದ್ದ. ಅವನ ಹೆಸರೂ ಹೊಗಳಿಕೆಯೂ ಕಲ್ಲಿನ ಮೇಲೆ ಇವೆ. ಪಾಠದ ನಡುವೆ ಎದ್ದು ಮಧುಸೂದನನ ಹೊಗಳಿಕೆ ಓದಬೇಕೆಂಬ ಷರತ್ತು ಆ ದತ್ತಿಗೆ ಇರಲಿಲ್ಲ. ಕನ್ನಡ ಶಾಸನಗಳ ಕಟ್ಟೇ ಹಾಗೆ: ತಲೆಯಲ್ಲಿ ಪ್ರಶಸ್ತಿ, ನಡುವೆ ದತ್ತಿಯ ವಿವರ, ಕೊನೆಗೆ ಕಾಪಾಡಿದವರಿಗೆ ಪುಣ್ಯ, ಅಳಿಪಿದವರಿಗೆ ಶಾಪ. ಕೊಟ್ಟವನಿಗೆ ಹೆಸರಿನ ಹಕ್ಕು ಇದೆ. ನಡುವೆ ನುಗ್ಗುವ ಹಕ್ಕು ಇಲ್ಲ.

ಜಾಹೀರಾತಿನ ಪಕ್ಷದಲ್ಲಿ ಹೇಳಬೇಕಾದ ಅತ್ಯಂತ ದೊಡ್ಡ ಮಾತು ಹಣದ್ದು. ಚಿಂಚೋಳಿಯ ತಾಂಡಾದಲ್ಲಿ ಕೂತು ಹುಡುಗಿಯೊಬ್ಬಳು ಗಣಿತದ ಪಾಠವನ್ನು ಯೂಟ್ಯೂಬಿನಲ್ಲಿ ಪುಕ್ಕಟೆ ನೋಡುತ್ತಾಳೆ ಎಂದರೆ ಅದರ ವೆಚ್ಚವನ್ನು ಜಾಹೀರಾತು ಕೊಟ್ಟವರು ಹೊತ್ತಿದ್ದಾರೆ. ಪಾಠ ಮಾಡಿದವರಿಗೂ ಅದರಲ್ಲಿ ಪಾಲಿದೆ. ಇದನ್ನು ಸಣ್ಣದೆಂದು ತಳ್ಳಿಹಾಕಬಾರದು. ಆದರೆ ‘ಪುಕ್ಕಟೆ’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಆ ಹುಡುಗಿಯ ಮೊಬೈಲಿಗೆ ಇಳಿಯುವ ಜಾಹೀರಾತಿನ ವಿಡಿಯೊ ಅವಳ ಅಪ್ಪ ರೀಚಾರ್ಜ್ ಮಾಡಿಸಿದ ದಿನದ ಡೇಟಾದಲ್ಲೇ ಕಡಿತವಾಗುತ್ತದೆ. ಸಮಯ ಅವಳದು, ಡೇಟಾ ಅವಳದು, ಮುರಿದ ಗಮನವೂ ಅವಳದು. ಜಾಹೀರಾತಿನ ವೆಚ್ಚವನ್ನು ಸರಕಿನ ಬೆಲೆಯಲ್ಲಿ ಸೇರಿಸಿ ಕೊನೆಗೆ ಕೊಳ್ಳುವವರಿಂದಲೇ ಪಡೆಯುತ್ತಾರೆ. ವಾಡಿಯ ಎಸಿಸಿ ಕಾರ್ಖಾನೆ, ಮಳಖೇಡದ ರಾಜಶ್ರೀ, ಸೇಡಂನ ವಾಸವದತ್ತಾ ಇರುವ ಈ ಬಯಲಿನಲ್ಲಿ ಸಿಮೆಂಟು ಜಾಹೀರಾತು ನೋಡುವವರ ಎಷ್ಟೋ ಮನೆಗಳ ಹಂಚಿನ ಮೇಲೆ ಅದೇ ಸಿಮೆಂಟಿನ ದೂಳು ಕೂತಿರುತ್ತದೆ. ಅವರಿಗೆ ಆ ಸಂದೇಶದಿಂದ ಹೊಸದಾಗಿ ತಿಳಿಯುವುದು ಏನೂ ಇಲ್ಲ.

ಇದಕ್ಕಿಂತ ಗಂಭೀರವಾದ ಬದಲಾವಣೆ ಈಚಿನ ವರ್ಷಗಳದು. ಅಡ್ಡಿ ಇಲ್ಲದಿರುವುದೇ ಈಗ ಮಾರಾಟದ ಸರಕಾಗಿದೆ. ಯೂಟ್ಯೂಬಿಗೆ ತಿಂಗಳ ಹಣ ಕಟ್ಟಿದವರಿಗೆ ಜಾಹೀರಾತು ಇಲ್ಲ. ಅಮೆಜಾನ್ ಪ್ರೈಮ್ ವಿಡಿಯೊ 2025ರ ಜೂನ್‌ನಿಂದ ಭಾರತದಲ್ಲಿ, ಅದಾಗಲೇ ಚಂದಾ ಕಟ್ಟಿದವರಿಗೂ ಜಾಹೀರಾತು ತೋರಿಸಲು ಶುರುಮಾಡಿ, ಬೇಡವೆಂದರೆ ತಿಂಗಳಿಗೆ 129 ರೂಪಾಯಿ ಬೇರೆ ಕೊಡಿ ಎಂದಿತು. ಒಂದೇ ವಚನಗಾಯನ, ಒಂದೇ ಪ್ರವಚನ. ಹಣವಿದ್ದವರ ಮನೆಯಲ್ಲಿ ಅಖಂಡ, ಇಲ್ಲದವರ ಮನೆಯಲ್ಲಿ ಖಂಡ ಖಂಡ. ಕಲಬುರಗಿ ಸೀಮೆಯ ಜನಕ್ಕೆ ಇದಕ್ಕೊಂದು ಹೆಸರು ಗೊತ್ತಿದೆ: ಪಂಕ್ತಿಭೇದ. ಒಂದೇ ಸಾಲಿನಲ್ಲಿ ಕೂತವರಿಗೆ ಬೇರೆ ಬೇರೆ ಬಡಿಸುವುದು. ಶರಣಬಸವೇಶ್ವರರನ್ನು ಈ ಜನ ದಾಸೋಹಮೂರ್ತಿ ಎಂದು ನೆನೆಯುವುದು ಅವರ ಸಾಲಿನಲ್ಲಿ ಭೇದ ಇರಲಿಲ್ಲ ಎಂಬ ಕಾರಣಕ್ಕೆ. ಅನ್ನದ ಪಂಕ್ತಿಭೇದವನ್ನು ತಪ್ಪೆಂದು ಒಪ್ಪುವ ಸಮಾಜ ಅವಧಾನದ ಪಂಕ್ತಿಭೇದವನ್ನು ಸಹಜವೆಂದು ಒಪ್ಪಬಾರದು. ನಡುವಿನ ಜಾಹೀರಾತಿನ ವಿರುದ್ಧ ಇರುವ ವಾದಗಳಲ್ಲಿ ಅತ್ಯಂತ ಬಲವಾದದ್ದು ಇದು.

ಕಾನೂನು ಈ ವಿಷಯದಲ್ಲಿ ಎಲ್ಲೆಡೆ ಸುಮ್ಮನೆ ಕೂತಿಲ್ಲ. ಯುರೋಪಿಯನ್ ಸಮುದಾಯ (ಈಗಿನ ಯುರೋಪಿನ ಒಕ್ಕೂಟ) 1989ರ ಟೆಲಿವಿಷನ್ ನಿರ್ದೇಶನದಲ್ಲೇ ಧಾರ್ಮಿಕ ಆರಾಧನೆಯ ಪ್ರಸಾರದ ನಡುವೆ ಜಾಹೀರಾತು ಹಾಕುವುದನ್ನು ನಿಷೇಧಿಸಿತು, ಈಗಿನ ನಿರ್ದೇಶನದಲ್ಲೂ ಆ ಮಾತು ಉಳಿದಿದೆ. ಭಾರತದ ಕೇಬಲ್ ನಿಯಮಗಳು ಜಾಹೀರಾತು ಕಾರ್ಯಕ್ರಮದಿಂದ ಬೇರೆಯಾಗಿ ತಿಳಿಯುವಂತಿರಬೇಕು, ಪರದೆಯ ಕೆಳಭಾಗದಲ್ಲಿ ಬರಹ ಓಡಿಸಿ ಕಾರ್ಯಕ್ರಮಕ್ಕೆ ಅಡ್ಡಿ ಮಾಡಬಾರದು, ಸದ್ದು ಅತಿಯಾಗಬಾರದು ಎನ್ನುತ್ತವೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2012ರ ಮೇ ತಿಂಗಳಲ್ಲಿ ಇನ್ನೂ ಮುಂದೆ ಹೋಗಿ, ಎರಡು ಬ್ರೇಕ್‌ಗಳ ನಡುವೆ ಕನಿಷ್ಠ 15 ನಿಮಿಷ, ಸಿನೆಮಾ ಆದರೆ 30 ನಿಮಿಷ ಅಂತರ ಇರಬೇಕೆಂದು ವಿಧಿಸಿತ್ತು. ವಾಹಿನಿಗಳು ವಿರೋಧಿಸಿದವು. 2013ರ ಮಾರ್ಚ್‌ನಲ್ಲಿ ತಿದ್ದುಪಡಿಯಾಗಿ ಗಂಟೆಗೆ 12 ನಿಮಿಷದ ಮಿತಿ ಮಾತ್ರ ಉಳಿಯಿತು, ಅದೂ ನ್ಯಾಯಾಲಯದ ಮೆಟ್ಟಿಲೇರಿತು. ಕೈಬಿಟ್ಟ ಆ ಅಂತರದ ನಿಯಮವೇ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿತ್ತು. ಎಷ್ಟು ಹೊತ್ತು ಜಾಹೀರಾತು ಎಂಬುದಕ್ಕಿಂತ ಎಷ್ಟು ಹೊತ್ತು ಮುರಿಯದ ಕಾರ್ಯಕ್ರಮ ಎಂದು ಅದು ಕೇಳಿತ್ತು. ಈ ಕೇಬಲ್ ನಿಯಮಗಳು ಇಂಟರ್‌ನೆಟ್ಟಿನ ಪ್ರಸಾರಕ್ಕೆ ತಾಗುವುದಿಲ್ಲ.

ಅಲ್ಲಿ ಆಯ್ಕೆ ಬಹುಮಟ್ಟಿಗೆ ವಿಡಿಯೊ ಹಾಕುವವರ ಕೈಯಲ್ಲಿದೆ. ಹತ್ತು ನಿಮಿಷ ಮೀರಿದ ವಿಡಿಯೊಗಳಿಗೆ ಮಾತ್ರ ಇದ್ದ ನಡು ಜಾಹೀರಾತನ್ನು ಯೂಟ್ಯೂಬ್ 2020ರ ಜುಲೈನಲ್ಲಿ ಎಂಟು ನಿಮಿಷದ ವಿಡಿಯೊಗಳಿಗೂ ಇಳಿಸಿತು. ಚಾನೆಲ್ಲಿನಿಂದ ಆದಾಯ ಪಡೆಯುವವರು ಪ್ರತಿ ವಿಡಿಯೊಗೂ ನಡು ಜಾಹೀರಾತು ಬೇಕೋ ಬೇಡವೋ ಎಂದು ತೀರ್ಮಾನಿಸಬಹುದು. ನಾಗಾವಿ ಯಲ್ಲಮ್ಮನ ಜಾತ್ರೆ, ಸನ್ನತಿ ಚಂದ್ರಲಾಂಬೆಯ ಉತ್ಸವ, ಮಳಖೇಡದ ಆರಾಧನೆ, ದರ್ಗಾಗಳ ಉರುಸು, ಶ್ರಾವಣದ ಪುರಾಣ ಇವೆಲ್ಲ ಈಗ ಮೊಬೈಲಿನಲ್ಲಿ ನೋಡಲು ಸಿಗುವಂಥವು. ಅವುಗಳನ್ನು ಚಿತ್ರೀಕರಿಸಿ ಹಾಕುವ ಮಠಗಳು, ಕಮಿಟಿಗಳು, ಊರಿನ ಹುಡುಗರು ದಾನಿಗಳ ಹೆಸರನ್ನು ಮೊದಲಿಗೋ ಕೊನೆಗೋ ಗೌರವದಿಂದ ಓದಲಿ, ಜಾಹೀರಾತು ಬೇಕೇ ಇದ್ದರೆ ಬಾಗಿಲಿನಲ್ಲಿ ಇರಲಿ. ಮಹಾಮಂಗಳಾರತಿಯ ನಡುವೆ, ಫಾತಿಹಾದ ನಡುವೆ ಬೇಡ. ವಿಡಿಯೊ ಹಾಕುವಾಗ ನಡು ಜಾಹೀರಾತಿನ ಆಯ್ಕೆ ತೆಗೆದುಹಾಕಲು ಒಂದು ನಿಮಿಷವೂ ಹಿಡಿಯುವುದಿಲ್ಲ.